ಸಾಫ್ಟ್‌ವೇರ್ ಕೊಂಡಾಗ ನಮ್ಮ ಕೈಗೆ ಬರುವುದೇನು?

ಮಂಡ್ಯದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಮೇಷ್ಟ್ರುಗಳು ಮತ್ತು ನಮ್ಮೂರಿನ ಕೆಲವು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಅಂಗಡಿಯವರ ಮುಂದೆ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಆಮೇಲೆ ಹಲವರು ಕೇಳಿದರು. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನೂ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮಪ್ಪ ಇದೇ ಊರಿನ ಪೇಟೆ ಬೀದಿಯ ಹತ್ತಿರ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡಿದ್ದರು. ಒಂದು ಟ್ರೆಡಲ್ ಮಷೀನು, ಗೋಡೆಗೆ ಒರಗಿಸಿದ ಮೊಳೆ (ಸೀಸದ ಅಕ್ಷರ) ಕೇಸುಗಳು, ಅವನ್ನು ಜೋಡಿಸುವ ಇಬ್ಬರು ಕಂಪೋಸಿಟರ್‌ಗಳು. ಲಗ್ನಪತ್ರಿಕೆ, ಆಲೆಮನೆಗಳ ರಸೀತಿ ಪುಸ್ತಕ, ಹಳ್ಳಿಗಳಲ್ಲಿ ಆಡುವ ಕುರುಕ್ಷೇತ್ರ ನಾಟಕದ ಕರಪತ್ರ. ಇವೇ ನಮ್ಮ ಅನ್ನ. ಅಚ್ಚಿನ ಮೊಳೆಗಳನ್ನು ಅಪ್ಪ ತೂಕದ ಲೆಕ್ಕದಲ್ಲಿ ಕೊಂಡು ತರುತ್ತಿದ್ದರು. ತಂದ ಮೇಲೆ ಮುಗಿಯಿತು, ಅವು ನಮ್ಮವು. ಪಕ್ಕದ ಪ್ರೆಸ್ಸಿನವರಿಗೆ ‘ಳ’ ಕಡಿಮೆ ಬಿದ್ದರೆ ನಮ್ಮ ಕೇಸಿನಿಂದ ಒಂದು ಹಿಡಿ ತೆಗೆದುಕೊಂಡು ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ತಂದು ಹಾಕುತ್ತಿದ್ದರು. ಮೊಳೆ ಸವೆದು ಹೋದರೆ ಕರಗಿಸಲು ಕೊಡುತ್ತಿದ್ದೆವು, ಸೀಸದ ಬೆಲೆಯಾದರೂ ವಾಪಸ್ ಬರುತ್ತಿತ್ತು. ಮೊಳೆ ಮಾರಿದವನು ಅದರಲ್ಲಿ ಏನು ಅಚ್ಚು ಮಾಡಿದಿರಿ, ಯಾರಿಗೆ ಕೊಟ್ಟಿರಿ ಎಂದು ಯಾವತ್ತೂ ಕೇಳಲಿಲ್ಲ.

1997ರಲ್ಲಿ ನಾವು ಕಂಪ್ಯೂಟರ್ ತಂದೆವು. ಜೊತೆಗೆ ಕನ್ನಡದ ಒಂದು ಡಿಟಿಪಿ ಪ್ಯಾಕೇಜ್. ಆಗಿನ ಕಾಲಕ್ಕೆ ನಮಗೆ ಅದು ದೊಡ್ಡ ದುಡ್ಡು. ಪ್ಯಾಕೇಜಿನ ಜೊತೆ ಬೆರಳುದ್ದದ ಒಂದು ಪ್ಲಾಸ್ಟಿಕ್ ತುಂಡು ಬಂತು. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಕೇಬಲ್ ಸಿಗಿಸುವ ಜಾಗಕ್ಕೆ ಅದನ್ನು ಸಿಗಿಸಬೇಕು. ಇಲ್ಲದಿದ್ದರೆ ಸಾಫ್ಟ್‌ವೇರ್ ತೆರೆಯುವುದಿಲ್ಲ. ಕಂಪನಿಯವರು ಡಾಂಗಲ್ ಎನ್ನುತ್ತಿದ್ದರು. ನಾವು ಲಾಕ್ ಎನ್ನುತ್ತಿದ್ದೆವು. ಇಲ್ಲಿ ಕೂತಿರುವ ಹಳೆಯ ಡಿಟಿಪಿಯವರಿಗೆಲ್ಲ ಅದು ನೆನಪಿದೆ, ಅಲ್ವಾ?

ಒಂಬತ್ತು ವರ್ಷ ಚೆನ್ನಾಗಿಯೇ ನಡೆಯಿತು. 2006ರಲ್ಲಿ ಆ ಕಂಪ್ಯೂಟರ್ ಕೆಟ್ಟಿತು. ಹೊಸದು ತಂದರೆ ಅದರಲ್ಲಿ ಲಾಕ್ ಸಿಗಿಸುವ ಜಾಗವೇ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಅವರು ಮುಚ್ಚಿಕೊಂಡು ಹೋಗಿ ಎರಡು ವರ್ಷವಾಗಿತ್ತು. ನಮ್ಮ ಹತ್ತಿರ ಹನ್ನೊಂದು ಪುಸ್ತಕಗಳ ಫೈಲುಗಳಿದ್ದವು. ಊರಿನ ಕವಿಗಳ ಸಂಕಲನ, ಒಂದು ಹಳ್ಳಿಯ ದೇವಸ್ಥಾನದ ಇತಿಹಾಸ, ಶಾಲೆಯ ಸ್ಮರಣ ಸಂಚಿಕೆ, ಹೀಗೆ. ಫೈಲುಗಳು ಕಣ್ಣೆದುರಿಗೇ ಇವೆ. ಬೇರೆ ಯಾವ ಪ್ರೋಗ್ರಾಮಿನಲ್ಲಿ ತೆರೆದರೂ ಅಕ್ಷರದ ಬದಲು ಬರೀ ಕೊಕ್ಕೆ, ಚುಕ್ಕೆ, ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು.

ಅಪ್ಪ ನನ್ನ ಹಿಂದೆ ನಿಂತು ನೋಡುತ್ತಿದ್ದರು. “ದುಡ್ಡು ಕೊಟ್ಟು ತಂದಿದ್ದೀವಲ್ಲೋ ಮಗ, ನಮ್ ವಸ್ತುನ ನಾವೇ ತೆಗೆಯೋಕೆ ಆಗಲ್ಲ ಅಂದ್ರೆ ಹೆಂಗೆ?” ಎಂದು ಕೇಳಿದರು. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ಮಾತು ಅದೇ ಪ್ರಶ್ನೆಗೆ ಉತ್ತರ ಅಂದುಕೊಳ್ಳಿ.

ನಾವು ಆವತ್ತು ಸಾಫ್ಟ್‌ವೇರ್ ಕೊಂಡಿರಲಿಲ್ಲ. ಬಳಸಲು ಅಪ್ಪಣೆ ಕೊಂಡಿದ್ದೆವು. ಲೈಸೆನ್ಸ್ ಎಂದರೆ ಅಪ್ಪಣೆ ಚೀಟಿ. ಭಾರತದ ಕಾನೂನಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಸಾಹಿತ್ಯ ಕೃತಿ. ಕೇಳಿದರೆ ವಿಚಿತ್ರ ಎನಿಸಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ತಂದು ಪ್ರೋಗ್ರಾಮುಗಳನ್ನು ಕಥೆ, ಕವಿತೆ, ಕಾದಂಬರಿಗಳ ಸಾಲಿಗೆ ಸೇರಿಸಿದರು. ಹಾಗಾಗಿ ಬರೆದವರು ಬದುಕಿರುವವರೆಗೂ, ಆಮೇಲೆ 60 ವರ್ಷವೂ ಅದರ ಹಕ್ಕು ಅವರದು ಅಥವಾ ಅವರು ಬರೆದುಕೊಟ್ಟವರದು. ಅವರ ಅಪ್ಪಣೆ ಇಲ್ಲದೆ ನಕಲು ಮಾಡುವಂತಿಲ್ಲ. ಪುಸ್ತಕವನ್ನಾದರೆ ನಕಲು ಮಾಡದೆಯೇ ಓದಬಹುದು. ಸಾಫ್ಟ್‌ವೇರ್ ಹಾಗಲ್ಲ ನೋಡಿ. ಕಂಪ್ಯೂಟರಿಗೆ ಹಾಕುವುದೇ ಒಂದು ನಕಲು. ಅದಕ್ಕೇ ಇನ್‌ಸ್ಟಾಲ್ ಮಾಡುವಾಗಲೇ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿಸಿಕೊಳ್ಳುತ್ತಾರೆ.

ಅದೇ ಕಾಯ್ದೆ ಬಳಸುವವರಿಗೂ ಒಂದಿಷ್ಟು ಕೊಟ್ಟಿದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಸರಿಯಾಗಿ ಪಡೆದ ಪ್ರೋಗ್ರಾಮ್ ಹಾಳಾದರೆ ಇರಲಿ ಎಂದು ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದು. 52ನೇ ಸೆಕ್ಷನ್ ಅದನ್ನು ಹೇಳುತ್ತದೆ. ಇನ್ನೊಂದು ಪ್ರೋಗ್ರಾಮಿನ ಜೊತೆ ಹೊಂದಿಸಿ ಕೆಲಸ ಮಾಡಿಸಲು ಬೇಕಾದ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ಬಿಡಿಸಿ ನೋಡುವುದಕ್ಕೂ ಅವಕಾಶ ಇದೆ. ಆದರೆ ಕಾನೂನು ಬಿಟ್ಟರೂ ಲಾಕ್ ಬಿಡಬೇಕಲ್ಲ? ನಮ್ಮ ಹತ್ತಿರ ಸಿ.ಡಿ.ಯ ಪ್ರತಿ ಭದ್ರವಾಗಿತ್ತು. ಆ ಪ್ಲಾಸ್ಟಿಕ್ ತುಂಡನ್ನು ಸಿಗಿಸುವ ಜಾಗ ಇರಲಿಲ್ಲ ಅಷ್ಟೆ.

ಈಗ ಅಪ್ಪಣೆಯ ಬಗೆಗಳಿಗೆ ಬರೋಣ. ದುಡ್ಡು ಕೊಟ್ಟು ತರುವ ಮುಚ್ಚಿದ ಸಾಫ್ಟ್‌ವೇರ್ ನಿಮಗೆಲ್ಲ ಗೊತ್ತಿರುವುದೇ. ಅದರಲ್ಲೂ ಒಳಜಾತಿಗಳಿವೆ. ಅಂಗಡಿಯಿಂದ ಪೆಟ್ಟಿಗೆಯಲ್ಲಿ ತಂದದ್ದನ್ನು ಸಾಮಾನ್ಯವಾಗಿ ಹಳೆಯ ಕಂಪ್ಯೂಟರಿನಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಲ್ಯಾಪ್‌ಟಾಪ್ ಜೊತೆಗೇ ಬರುವ ವಿಂಡೋಸ್ ಆ ಲ್ಯಾಪ್‌ಟಾಪಿಗೇ ಕಟ್ಟುಬಿದ್ದದ್ದು, ಅದು ಸತ್ತರೆ ಇದೂ ಸತ್ತಂತೆ. ಕಾಲೇಜು, ಕಚೇರಿಗಳು ಇಷ್ಟು ಕಂಪ್ಯೂಟರಿಗೆ ಎಂದು ಒಟ್ಟಿಗೆ ಕೊಳ್ಳುವುದು ಇನ್ನೊಂದು ಬಗೆ. ಈಚೆಗೆ ಜಾಸ್ತಿಯಾಗಿರುವುದು ಬಾಡಿಗೆ. ಅಡೋಬಿ ಕಂಪನಿ 2013ರಲ್ಲಿ, ಇನ್ನು ಮುಂದೆ ಪೆಟ್ಟಿಗೆಯ ಹೊಸ ಆವೃತ್ತಿ ಇಲ್ಲ, ಚಂದಾ ಕಟ್ಟಿ ಬಳಸಿ ಎಂದು ಹೇಳಿತು. ಚಂದಾ ನಿಂತ ತಿಂಗಳು ಸಾಫ್ಟ್‌ವೇರೂ ನಿಲ್ಲುತ್ತದೆ. ನಮ್ಮ ಕಡೆಯ ಎಷ್ಟೋ ಅಂಗಡಿಗಳು 2001ರಲ್ಲಿ ಬಂದ, ಪುಟ ಜೋಡಿಸುವ ಪೇಜ್‌ಮೇಕರ್ 7ನ್ನು ಬಹಳ ವರ್ಷ ಬಿಡದೆ ಹಿಡಿದುಕೊಂಡಿದ್ದಕ್ಕೆ ಇದೂ ಒಂದು ಕಾರಣ. ಪೇಜ್‌ಮೇಕರಿಗೆ ಅದೇ ಕೊನೆಯ ಆವೃತ್ತಿ. ಅದಕ್ಕೆ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದ ಕನ್ನಡ, ಬರುವುದಿಲ್ಲ ಎಂದು ಗೊತ್ತಿದ್ದೂ ಬಿಡಲಾಗಲಿಲ್ಲ.

ಒಂದು ಕಾಲದಲ್ಲಿ ಶೇರ್‌ವೇರ್ ಅಂತ ಒಂದಿತ್ತು. ಫ್ಲಾಪಿಯಲ್ಲಿ ಹಂಚಿ, ಬಳಸಿ ನೋಡಿ, ಹಿಡಿಸಿದರೆ ದುಡ್ಡು ಕಳಿಸಿ ಎನ್ನುವ ಪದ್ಧತಿ. ಆ ಹೆಸರನ್ನು ಚಾಲ್ತಿಗೆ ತಂದವರು ಬಾಬ್ ವಾಲೆಸ್. 1983ರಲ್ಲಿ ಅವರು ಪಿಸಿ-ರೈಟ್ ಎಂಬ ಬರವಣಿಗೆಯ ಪ್ರೋಗ್ರಾಮನ್ನು ಹೀಗೆ ಹಂಚಿದರು. 1993ರ ಡೂಮ್ ಆಟದ ಮೊದಲ ಭಾಗವನ್ನು ಲೋಕವೆಲ್ಲ ಆಡಿದ್ದು ಇದೇ ದಾರಿಯಲ್ಲಿ. ಇವತ್ತಿನ ‘ಮೂವತ್ತು ದಿನ ಉಚಿತ’ ಅದರ ಮೊಮ್ಮಗು.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಎಡವುವ ಜಾಗ ಇದು.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ದುಡ್ಡಿಲ್ಲದ್ದೂ ಫ್ರೀ, ಕಟ್ಟಿಲ್ಲದ್ದೂ ಫ್ರೀ. ಇದರಿಂದ ಅವರಿಗೆ ಆದ ಗೊಂದಲ ಅಷ್ಟಿಷ್ಟಲ್ಲ. ಅದಕ್ಕಾಗಿಯೇ 1998ರಲ್ಲಿ ‘ಓಪನ್ ಸೋರ್ಸ್’ ಎಂಬ ಇನ್ನೊಂದು ಹೆಸರು ಹುಡುಕಿಕೊಂಡರು. ಕನ್ನಡದಲ್ಲಿ ನಮಗೆ ಈ ತೊಂದರೆಯೇ ಇಲ್ಲ. ಬಿಟ್ಟಿ ಬೇರೆ, ಸ್ವತಂತ್ರ ಬೇರೆ. ನಮ್ಮ ಹಳ್ಳಿಯ ಮಗುವಿಗೂ ಅದು ಗೊತ್ತು. ಹಾಗಿದ್ದೂ ನಾವು ಇಂಗ್ಲಿಷಿನ ಗೊಂದಲವನ್ನೇ ತಂದುಕೊಂಡು ಎರಡಕ್ಕೂ ‘ಉಚಿತ ತಂತ್ರಾಂಶ’ ಎಂದು ಬರೆಯುತ್ತೇವಲ್ಲ, ನನಗೆ ಅದು ಬೇಸರ.

ಉಚಿತ ತಂತ್ರಾಂಶಕ್ಕೆ ನಮ್ಮ ಮನೆಯದೇ ಉದಾಹರಣೆ ಇದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಬಿಡುಗಡೆ ಮಾಡಿದರು. ದುಡ್ಡಿಲ್ಲದೆ ಕನ್ನಡ ಟೈಪ್ ಮಾಡಬಹುದು ಎಂದು ಆವತ್ತು ನಮಗೆ ತೋರಿಸಿಕೊಟ್ಟದ್ದು ಅದು. ಕನ್ನಡ ಗಣಕ ಪರಿಷತ್ತು ಮತ್ತು ರಾಜ್ಯ ಸರ್ಕಾರದ ಮೂಲಕ ಬಂದ ‘ನುಡಿ’ಯನ್ನೂ ಉಚಿತವಾಗಿ ಹಂಚಿದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಇವತ್ತಿಗೂ ನಮ್ಮ ಬೆರಳು ಓಡುತ್ತಿವೆ. ಇವರೆಲ್ಲರ ಋಣ ದೊಡ್ಡದು. ಆದರೆ ಉಚಿತ ಎಂದರೆ ಬೆಲೆಯ ಮಾತು, ಬೆಲೆ ನಾಳೆ ಬದಲಾಗಬಹುದು. ಬರಹಕ್ಕೂ ಹಲವು ವರ್ಷಗಳ ನಂತರ ಬೆಲೆ ಬಂತು. ಅದರಲ್ಲಿ ತಪ್ಪೇನಿಲ್ಲ, ಒಬ್ಬರು ವರ್ಷಗಟ್ಟಲೆ ಸುಮ್ನೆ ದುಡಿಯುತ್ತಲೇ ಇರಲಿ ಎನ್ನಲು ನಾವ್ಯಾರು? ಬೆಲೆ ಎಷ್ಟೇ ಇರಲಿ, ಒಳಗಿನ ಕೋಡ್, ಅಂದರೆ ಪ್ರೋಗ್ರಾಮ್ ಬರೆದವರು ಬರೆದ ಮೂಲ ಸಾಲುಗಳು, ನಮ್ಮ ಕೈಯಲ್ಲಿದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿ ಕೇಳಬೇಕು ಎನ್ನುವುದಷ್ಟೇ ನನ್ನ ಮಾತು.

ಈ ಪ್ರಶ್ನೆಯನ್ನು ಹಟ ಹಿಡಿದು ಕೇಳಿದವರು ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರ್. 1980ರ ಆಸುಪಾಸು ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವರಿದ್ದರು. ಅಲ್ಲಿನ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯುತ್ತಿರುವವರ ಪರದೆಗೆ ಸುದ್ದಿ ಹೋಗುವಂತೆ ಅವರು ಕೋಡ್ ತಿದ್ದಿದ್ದರು. ಜೆರಾಕ್ಸ್ ಕಂಪನಿಯ ಹೊಸ ಪ್ರಿಂಟರ್ ಬಂತು. ಅದರ ಕೋಡ್ ಬರಲಿಲ್ಲ. ಕೋಡ್ ಇದ್ದ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇನೆ ಎಂದರು. ಪ್ರೆಸ್ಸಿನವನ ಮಗನಾಗಿ ಈ ಕಥೆ ಓದಿದಾಗ ನನಗೆ ಆ ‘ಳ’ದ ಮೊಳೆಗಳು ನೆನಪಾದವು. ಪಕ್ಕದವನಿಗೆ ಒಂದು ಹಿಡಿ ಕೊಡಬೇಡ ಎಂದು ಮೊಳೆ ಮಾರಿದವನು ಸಹಿ ಮಾಡಿಸಿಕೊಂಡಂತೆ ಅಲ್ವಾ?

1983ರಲ್ಲಿ ಸ್ಟಾಲ್ಮನ್, ಸ್ವತಂತ್ರ ಸಾಫ್ಟ್‌ವೇರ್ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸ್ ಬರೆದರು. ಯಾವ ಕೆಲಸಕ್ಕಾದರೂ ಬಳಸಿ, ಒಳಗೆ ನೋಡಿ ತಿದ್ದಿಕೊಳ್ಳಿ, ಬೇರೆಯವರಿಗೆ ಕೊಡಿ, ನೀವು ತಿದ್ದಿದ್ದನ್ನೂ ಕೊಡಿ. ಈ ನಾಲ್ಕಕ್ಕೂ ಅಪ್ಪಣೆ ಮೊದಲೇ ಕೊಟ್ಟಾಗಿದೆ. ಒಂದು ಷರತ್ತಿದೆ. ನೀವು ಬೇರೆಯವರಿಗೆ ಕೊಡುವಾಗ ಇದೇ ಅಪ್ಪಣೆಯ ಜೊತೆಗೆ, ಕೋಡ್ ಸಮೇತ ಕೊಡಬೇಕು. ಮಾರಬೇಡಿ ಎಂದು ಅದು ಎಲ್ಲೂ ಹೇಳುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಡಿ. ಎಷ್ಟು ಬೆಲೆಗೆ ಬೇಕಾದರೂ ಮಾರಿ. ಕೊಂಡವನ ಕೈ ಕಟ್ಟಬೇಡಿ.

ಹೆಪ್ಪಿನ ಹಾಗೆ ಇದು. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೀರಿ. ಹಾಲು ನಿಮ್ಮದೇ. ಹೆಪ್ಪು ಬಿದ್ದ ಮೇಲೆ ಅಷ್ಟೂ ಮೊಸರು, ನಾಳೆ ನಿಮ್ಮ ಮನೆಗೆ ಯಾರಾದರೂ ಹೆಪ್ಪು ಕೇಳಿಕೊಂಡು ಬಂದರೆ ಅದರಿಂದಲೇ ಕೊಡುತ್ತೀರಿ. ಜಿಪಿಎಲ್ ಕೋಡ್ ಸೇರಿಸಿಕೊಂಡು ಮಾಡಿದ ಪ್ರೋಗ್ರಾಮನ್ನು ಹೊರಗೆ ಕೊಟ್ಟರೆ ಇಡೀ ಪ್ರೋಗ್ರಾಮಿಗೂ ಅದೇ ನಿಯಮ. ಮನೆಯೊಳಗೇ ಉಂಡರೆ ಯಾರೂ ಕೇಳುವುದಿಲ್ಲ.

ಕಾಗದದ ಮೇಲಿನ ಮಾತು ಇದು, ನಿಜದಲ್ಲಿ ನಡೆಯುತ್ತದೆಯೇ ಎಂದು ಕೇಳಬಹುದು. ನಡೆದಿದೆ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್ ಬಿಡುಗಡೆ ಮಾಡಿದರು. ಕರ್ನಲ್ ಎಂದರೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿನ ತಿರುಳು. ಮೊದಲ ಲೈಸೆನ್ಸಿನಲ್ಲಿ ಅದನ್ನು ಹಂಚುವಾಗ ದುಡ್ಡು ತೆಗೆದುಕೊಳ್ಳಬಾರದು ಎಂದಿತ್ತು. 1992ರಲ್ಲಿ ಅದನ್ನು ಬಿಟ್ಟು ಜಿಪಿಎಲ್‌ಗೆ ಬಂದರು. ಮುಂದೆ ಲಿಂಕ್‌ಸಿಸ್ ಎಂಬ ಕಂಪನಿ ಮನೆಬಳಕೆಯ ವೈಫೈ ರೂಟರ್ ಮಾರಿತು. ಅದರೊಳಗೆ ಲಿನಕ್ಸ್ ಇದೆ ಎಂದು 2003ರಲ್ಲಿ ಕೆಲವರು ಪತ್ತೆ ಹಚ್ಚಿದರು. ಹಾಗಾದರೆ ಕೋಡ್ ಎಲ್ಲಿ ಎಂದು ಕೇಳಿದರು. ಕಂಪನಿ ಕೋಡ್ ಹೊರಗಿಡಬೇಕಾಯಿತು. ಆ ಕೋಡಿನಿಂದ ರೂಟರುಗಳಿಗೆ ಹಾಕುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ಸಾಫ್ಟ್‌ವೇರ್ ಹುಟ್ಟಿತು. ಕಂಪನಿಗಳು ಕೈಬಿಟ್ಟ ಎಷ್ಟೋ ಹಳೆಯ ರೂಟರುಗಳು ಅದರಿಂದ ಇನ್ನೂ ಓಡುತ್ತಿವೆ. ನಮ್ಮ ಲಾಕಿನ ಕಥೆ ಇದಕ್ಕೆ ತದ್ವಿರುದ್ಧ. ಕಂಪನಿ ಮುಚ್ಚಿತು, ಅದರ ಜೊತೆ ನಮ್ಮ ಹನ್ನೊಂದು ಪುಸ್ತಕ ಮುಚ್ಚಿದವು.

ಇನ್ನೊಂದು ಬಗೆಯ ಸ್ವತಂತ್ರ ಲೈಸೆನ್ಸುಗಳಿವೆ. ಎಂಐಟಿ, ಬಿಎಸ್‌ಡಿ, ಅಪಾಚೆ. ಅವು ಹೆಪ್ಪಿನ ಷರತ್ತು ಹಾಕುವುದಿಲ್ಲ. ನಮ್ಮ ಹೆಸರು, ಈ ಚೀಟಿ ಉಳಿಸಿಕೊಳ್ಳಿ, ಉಳಿದದ್ದು ನಿಮ್ಮಿಷ್ಟ ಎನ್ನುತ್ತವೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ ಎರಡೂ ಇವೆ. ಅಡಿಯಲ್ಲಿರುವ ಲಿನಕ್ಸ್ ಕರ್ನಲ್ ಜಿಪಿಎಲ್, ಮೇಲಿನ ಬಹುಪಾಲು ಅಪಾಚೆ. ಅದಕ್ಕೇ ಒಂದೊಂದು ಕಂಪನಿಯ ಫೋನೂ ಒಂದೊಂದು ಥರ ಕಾಣುತ್ತದೆ, ಮೇಲಿನ ಬದಲಾವಣೆಗಳ ಕೋಡನ್ನು ಅವರು ಕೊಡಲೇಬೇಕಿಲ್ಲ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಜನ ವರ್ಷಗಟ್ಟಲೆ ಜಗಳವಾಡಿದ್ದಾರೆ. ನನಗೆ ಹೆಪ್ಪಿನ ಷರತ್ತೇ ಇಷ್ಟ. ಕನ್ನಡದಂಥ ಭಾಷೆಗೆ ಕೆಲಸ ಮಾಡುವವರು ಕಡಿಮೆ. ಒಬ್ಬರು ಮಾಡಿದ್ದು ಮುಂದಿನವರಿಗೆ ಸಿಗದೆ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ನಾವು ಹಾಗೆ ಎಷ್ಟು ಸಲ ಮಾಡಿಲ್ಲ?

ಹಂಚುವ ದಾರಿಯ ಬಗ್ಗೆಯೂ ಒಂದು ಮಾತು. 2005ರಿಂದ 2011ರವರೆಗೆ, ಲಿನಕ್ಸ್ ಮೇಲೆ ಕಟ್ಟಿದ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಸಿ.ಡಿ. ಕಳಿಸುತ್ತಿದ್ದರು. ಅಂಚೆ ಖರ್ಚೂ ಅವರದೇ. ಪರದೇಶದ ಅಂಚೆ ಗುರುತಿದ್ದ ಲಕೋಟೆ ನಮ್ಮ ಪ್ರೆಸ್ಸಿಗೆ ಬಂದ ದಿನ ಪೋಸ್ಟ್‌ಮ್ಯಾನ್ ಕೂಡ ಕುತೂಹಲದಿಂದ ನಿಂತಿದ್ದರು. ಆ ಲಕೋಟೆಯ ಮೇಲೆ, ಇದನ್ನು ನಕಲು ಮಾಡಿ ಗೆಳೆಯರಿಗೆ ಕೊಡಿ ಎಂಬ ಅರ್ಥದ ಮಾತಿತ್ತು. ಕಂಪ್ಯೂಟರ್ ಬಂದ ಮೇಲೆ ‘ಕೊಡಿ’ ಎಂಬ ಮಾತನ್ನು ನಾನು ಓದಿದ್ದು ಅದೇ ಮೊದಲು. ಅಲ್ಲಿಯವರೆಗೆ ಓದಿದ್ದೆಲ್ಲ ‘ಕೊಡಬಾರದು’ ಎಂದೇ. ಇವತ್ತು ಅಂಚೆ ಬೇಕಿಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬಹುದು. ಅದೇ ಹೊತ್ತಿಗೆ ಇಳಿಸಿಕೊಳ್ಳುವುದೇ ಬೇಡವಾದ ಸಾಫ್ಟ್‌ವೇರೂ ಬಂದಿದೆ. ಬ್ರೌಸರಿನಲ್ಲೇ ಬಳಸುತ್ತೀರಿ, ಪ್ರೋಗ್ರಾಮ್ ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ನಿಮಗೆ ಪ್ರತಿ ಕೊಡುವುದೇ ಇಲ್ಲ, ಹಾಗಾಗಿ ಜಿಪಿಎಲ್‌ನ ಷರತ್ತೂ ತಾಗುವುದಿಲ್ಲ. ಈ ಕಿಂಡಿ ಮುಚ್ಚಲು 2007ರಲ್ಲಿ ಗ್ನೂ ಎಜಿಪಿಎಲ್ ಎಂಬ ಲೈಸೆನ್ಸ್ ಬಂತು. ತಿದ್ದಿದ ಪ್ರೋಗ್ರಾಮನ್ನು ನೆಟ್ಟಿನ ಮೂಲಕ ಬಳಸಲು ಬಿಟ್ಟರೂ ಬಳಸುವವರಿಗೆ ಕೋಡ್ ಕೊಡಬೇಕು ಎನ್ನುತ್ತದೆ ಅದು.

ಅಂಗಡಿಯವರಿಗೆ ಫಾಂಟಿನ ವಿಷಯ ಹೇಳಲೇಬೇಕು. ಫಾಂಟ್ ಕೂಡ ಸಾಫ್ಟ್‌ವೇರೇ, ಅದಕ್ಕೂ ಲೈಸೆನ್ಸ್ ಇದೆ. ವಿಂಡೋಸ್ ಜೊತೆ ಬರುವ ‘ತುಂಗಾ’ವನ್ನು ಕಾಪಿ ಮಾಡಿ ಗಿರಾಕಿಗೆ ಕೊಡುವಂತಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ ಇವು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಪುಸ್ತಕಕ್ಕೆ ಹಾಕಿ, ಬೋರ್ಡಿಗೆ ಹಾಕಿ, ಗೆಳೆಯರಿಗೆ ಕೊಡಿ, ಅಕ್ಷರದ ಆಕಾರ ಹಿಡಿಸದಿದ್ದರೆ ತಿದ್ದಿಕೊಳ್ಳಿ. ಫಾಂಟನ್ನೇ ಬಿಡಿಯಾಗಿ ಮಾರಬಾರದು ಅಷ್ಟೆ. ಲಗ್ನಪತ್ರಿಕೆಗೆ ಬೇಕಾದ ಬಳುಕಿನ ಅಕ್ಷರಗಳು ಇವುಗಳಲ್ಲಿಲ್ಲ, ಒಪ್ಪುತ್ತೇನೆ. ಆ ಕೊರತೆ ತುಂಬುವ ಕೆಲಸ ಇಲ್ಲಿ ಕೂತಿರುವ ಹುಡುಗ ಹುಡುಗಿಯರಿಗೆ ಕಾದಿದೆ.

ಮಾತು ಮುಗಿಸಿದ ಮೇಲೆ ಒಬ್ಬ ಅಂಗಡಿಯವರು ಎದ್ದು ನಿಂತು ನೇರವಾಗಿ ಕೇಳಿದರು. “ಸರ್, ನಾವೆಲ್ಲ ಕ್ರ್ಯಾಕ್ ಹಾಕ್ಕೊಂಡೇ ಕೆಲಸ ಕಲಿತವರು. ಇಷ್ಟು ದುಡ್ಡು ಎಲ್ಲಿಂದ ತರೋದು?” ಕ್ರ್ಯಾಕ್ ಎಂದರೆ ಲಾಕ್ ಮುರಿದು ದುಡ್ಡು ಕೊಡದೆ ಬಳಸುವ ಪ್ರತಿ. ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು. ಕಾನೂನು ಏನು ಹೇಳುತ್ತದೆ ಎಂದು ಹೇಳಿದೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಾಗಿ ಬಳಸಿಲ್ಲ ಎಂದಾದರೆ ಕೋರ್ಟು ಜೈಲು ಬಿಡಬಹುದು, ಅಂಗಡಿಯವರಿಗೆ ಆ ವಿನಾಯಿತಿ ಇಲ್ಲ. ಆದರೆ ನನಗೆ ಕಾನೂನಿಗಿಂತ ಬೇರೆ ಚಿಂತೆ. ಕ್ರ್ಯಾಕ್ ಹಾಕಿಕೊಂಡವರು ದುಡ್ಡು ಉಳಿಸಿದರು, ಫೈಲುಗಳನ್ನು ಮಾತ್ರ ಅದೇ ಬೀಗದೊಳಗೆ ಇಟ್ಟರು. ನಮ್ಮ ಹಾಗೆಯೇ. ಇವತ್ತು ಸ್ವತಂತ್ರ ಸಾಫ್ಟ್‌ವೇರಿನ ಬೇರೆ ದಾರಿ ಇದೆ. ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್. ಚಿತ್ರ, ಬೋರ್ಡಿಗೆ ಇಂಕ್‌ಸ್ಕೇಪ್. ಪುಟ ಕಟ್ಟಲು ಸ್ಕ್ರೈಬಸ್, ಈಚಿನ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಕಲಿಯಲು ಒಂದೆರಡು ತಿಂಗಳು ಕಷ್ಟ. ಮೊದಲು ಲಗ್ನಪತ್ರಿಕೆ ಬಿಟ್ಟು ರಸೀತಿ ಪುಸ್ತಕದಿಂದ ಶುರು ಮಾಡಿ ಎಂದೆ.

ಒಬ್ಬ ಹುಡುಗಿ ಕೇಳಿದಳು, ಎಲ್ಲ ಹಂಚಿಬಿಟ್ಟರೆ ಹೊಟ್ಟೆಪಾಡು ಹೇಗೆ? ರೆಡ್ ಹ್ಯಾಟ್ ಕಂಪನಿ ಕೋಡ್ ತೆರೆದಿಟ್ಟು, ನೋಡಿಕೊಳ್ಳುವ ಸೇವೆಗೆ ದುಡ್ಡು ತೆಗೆದುಕೊಂಡು ಬೆಳೆಯಿತು. 2019ರಲ್ಲಿ ಐಬಿಎಂ ಅದನ್ನು 34 ಬಿಲಿಯನ್ ಡಾಲರಿಗೆ ಕೊಂಡಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಬಿಡುವಿನ ವೇಳೆಯಲ್ಲಿ ಬರೆದು, ಯಾರ ನೆರವೂ ಇಲ್ಲದೆ ದಣಿದು ಬಿಟ್ಟವರೂ ಇದ್ದಾರೆ. ಹಾಗಾಗಿ ಬಳಸುವವರು ಕೈಲಾದಷ್ಟು ಕಳಿಸಬೇಕು.

ಹಿಂದಿನ ಸಾಲಿನಲ್ಲಿ ಮಗನ ಜೊತೆ ಬಂದಿದ್ದ ಒಬ್ಬ ರೈತರು ಕೂತಿದ್ದರು. “ನೀವು ಹೇಳಿದ್ದೆಲ್ಲ ನಮ್ ಭತ್ತದ ಬೀಜದ್ ಥರಾನೇ ಐತೆ ಕಣಪ್ಪ” ಎಂದರು. “ರಾಜಮುಡಿ ಆದ್ರೆ ನಾವೇ ಎತ್ತಿಟ್ಟುಕೊಂಡು ಬಿತ್ತಬೋದು. ಹೈಬ್ರಿಡ್ ಆದ್ರೆ ವರ್ಷ ವರ್ಷ ಅಂಗಡಿಗೆ ಹೋಗ್ಬೇಕು.” ಇಷ್ಟು ಸರಿಯಾಗಿ ನಾನೇ ಹೇಳಿರಲಿಲ್ಲ. 2001ರ ಸಸ್ಯ ತಳಿಗಳ ಕಾಯ್ದೆ ರೈತರಿಗೆ ಬೀಜ ಎತ್ತಿಡುವ, ಬಿತ್ತುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕನ್ನೂ ಕೊಟ್ಟಿದೆ, ಬ್ರ್ಯಾಂಡ್ ಹೆಸರಿನಲ್ಲಿ ಪ್ಯಾಕೆಟ್ ಮಾಡಿ ಮಾರುವಂತಿಲ್ಲ ಅಷ್ಟೆ. ಹೈಬ್ರಿಡ್ ಬೀಜವನ್ನು ಎತ್ತಿಟ್ಟರೆ ಕಾನೂನು ತಡೆಯುವುದಿಲ್ಲ. ಮುಂದಿನ ಬೆಳೆ ಒಂದೇ ಸಮ ಬರುವುದಿಲ್ಲ. ಬೀಗ ಬೀಜದೊಳಗೇ ಇದೆ. ಅವರಿಗೆ ನಮ್ಮ ಡಾಂಗಲ್ ವಿಷಯ ಮೊದಲ ಸಲಕ್ಕೇ ಅರ್ಥವಾದದ್ದು ಇದರಿಂದಲೇ.

ಸಭೆ ಮುಗಿದ ಮೇಲೆ ಆ ಕ್ರ್ಯಾಕಿನ ಪ್ರಶ್ನೆ ಕೇಳಿದ ಅಂಗಡಿಯವರೇ ಒಂದು ಪೆನ್‌ಡ್ರೈವ್ ಹಿಡಿದು ಬಂದರು. ಹದಿನೈದು ವರ್ಷ ಹಿಂದೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಒಂದು ಹಳ್ಳಿಯ ಸೋಬಾನೆ ಪದಗಳು. ಹಾಡಿದ ಅಜ್ಜಿ ಈಗಿಲ್ಲ. “ಇದನ್ನ ತೆಗೆಯೋಕಾಗುತ್ತಾ ಸರ್?” ಎಂದರು. ಕಾಲೇಜಿನ ಲ್ಯಾಬಿಗೆ ಹೋಗಿ ಕೂತೆವು. ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಬದಲಾಯಿಸುವ ಪ್ರೋಗ್ರಾಮುಗಳನ್ನು ಕನ್ನಡದವರೇ ಬರೆದು ಕೋಡ್ ಸಮೇತ ಇಟ್ಟಿದ್ದಾರೆ. ಅಂಥದ್ದೊಂದನ್ನು ಇಳಿಸಿ ಓಡಿಸಿದೆವು. ಪದಗಳು ಬಂದವು. ಅರ್ಕಾವತ್ತು ಮಾತ್ರ ಕೆಲವು ಕಡೆ ತಪ್ಪು ಅಕ್ಷರಕ್ಕೆ ಹೋಗಿ ಕೂತಿತ್ತು. ಹೊಟ್ಟೆಪಾಡಿನ ಪ್ರಶ್ನೆ ಕೇಳಿದ ಹುಡುಗಿ ಕೋಡ್ ತೆರೆದಳು. ಅರ್ಕಾವತ್ತನ್ನು ಹಿಂದಕ್ಕೆ ಸರಿಸುವ ಸಾಲು ಹುಡುಕಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ತಿದ್ದಿ ಮತ್ತೆ ಓಡಿಸಿದಾಗ ಸರಿಹೋಯಿತು. ತಿದ್ದಿದ ಸಾಲನ್ನು ಆ ರಾತ್ರಿಯೇ ಪ್ರೋಗ್ರಾಮ್ ಬರೆದವರಿಗೆ ಕಳಿಸಿದಳು. ಅಂಗಡಿಯವರು ಮೊದಲ ಪದವನ್ನು ಪರದೆಯ ಮೇಲೆ ನೋಡಿಕೊಂಡು ಮೆಲ್ಲಗೆ ಗುನುಗುತ್ತಾ ಕೂತಿದ್ದರು.